ದೋಣಿಯಲ್ಲಿ ಪಕ್ಕಕ್ಕೆ ಕುಳಿತವನು

ಒಂದು ವಾಸನೆ ಮೂಗಿಗೆ ತಾಗಿದೊಡನೆ ಹಳೆಯದೆಲ್ಲ ಕಣ್ಣೆದುರು ಬಂದು ನಿಲ್ಲುತ್ತದೆಂದು ಬಹಳ ಜನ ಬರೆದಿದ್ದಾರೆ. ಆ ಮಾತನ್ನು ನಾನು ಹಾಗೆಯೇ ಒಪ್ಪುವವನಲ್ಲ. ನಮ್ಮ ಮನೆಯ ಹಿಂದಿನ ಚರಂಡಿಯ ವಾಸನೆ ದಿನವೂ ಬರುತ್ತದೆ. ಅದರಿಂದ ನನಗೆ ಪಾಲಿಕೆಯವರ ನೆನಪಲ್ಲದೆ ಬೇರೇನೂ ಬಂದದ್ದಿಲ್ಲ. ಆದರೂ ಹೋದ ತಿಂಗಳು ಯಲಹಂಕ ಉಪನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಿಕೊಂಡು ನಿಂತಿದ್ದಾಗ, ಅಂಗಡಿಯ ಹುಡುಗಿ ಯಂತ್ರದ ಬಾಯಿಂದ ಆಗತಾನೆ ಬಂದ ಕಾಗದವನ್ನು ನನ್ನ ಅಂಗೈ ಮೇಲಿಟ್ಟಳು. ಅದರ ಬಿಸಿಯೂ ಕರಗಿದ ಮೇಣದಂಥ ಅದರ ವಾಸನೆಯೂ ನನ್ನನ್ನು ಎಲ್ಲಿಗೋ ಒಯ್ದವು. ಹಿಂದೆ ನಿಂತಿದ್ದವರು, “ಸ್ವಲ್ಪ ಸೈಡಿಗ್ ಬನ್ನಿ ಯಜಮಾನ್ರೇ,” ಎನ್ನುವವರೆಗೂ ನಾನು ಅಲ್ಲಿಯೇ ನಿಂತಿದ್ದೆ. ಅಂದಿನಿಂದ ಮನಸ್ಸು ಒಂದು ಕಡೆ ಕೂರುತ್ತಿಲ್ಲ. ಬರೆದರಾದರೂ ಕೂತೀತೆಂದು ಬರೆಯುತ್ತಿದ್ದೇನೆ.

ಅದು ಕೊರೊನಾದ ನಿರ್ಬಂಧಗಳು ಪೂರ್ತಿಯಾಗಿ ಹೋದ ಮೇಲಿನ ಒಂದು ಬೇಸಿಗೆ. ಯಶವಂತಪುರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮುಂದೆ ನಿಂತು ಆಯುಷ್ಯವನ್ನು ಸವೆಸಿದ ನಾನು ಆಗ ಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. ಶಾಲೆಯಲ್ಲಿ ನಾನು ಓದಿದ್ದು ಏಳನೆಯ ತರಗತಿಯವರೆಗೆ. ಮಿಕ್ಕಿದ್ದನ್ನು ಯಲಹಂಕದ ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ ಓದಿಕೊಂಡೆ. ಓದಿ ಜಾಣನಾದೆನೆಂದು ಹೇಳಲಾರೆ. ಕೇಳಿದ್ದನ್ನೆಲ್ಲ ನಂಬುವ ಸುಖವನ್ನು ಮಾತ್ರ ಖಂಡಿತವಾಗಿ ಕಳೆದುಕೊಂಡೆ. ನಮ್ಮ ಮನೆತನದ ಹಿರಿಯನೊಬ್ಬ ಹುಲಿಯನ್ನು ಬರಿಗೈಯಲ್ಲಿ ಕೊಂದನೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಒಮ್ಮೆ ಒಂದು ಮದುವೆಯಲ್ಲಿ ಆ ಕಥೆ ಎದ್ದಾಗ, “ನೋಡಿದವರು ಯಾರು?” ಎಂದು ಕೇಳಿದೆ. ಚಪ್ಪರದಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. “ನಿಮ್ಮನ್ನ ನಾಲ್ಕ್ ಜನ ಸೇರೋ ಕಡೆ ಕರ್ಕೊಂಡ್ ಹೋಗೋದೇ ಕಷ್ಟ ಕಣ್ರೀ,” ಎಂದು ನನ್ನ ಹೆಂಡತಿ ದಾರಿಯುದ್ದಕ್ಕೂ ಅಂದಳು.

ಹಾಗೆ ಕುಳಿತಿದ್ದವನಿಗೆ ಪರಿಚಯದವರೊಬ್ಬರು ಯಲಹಂಕದಿಂದಾಚೆಗಿನ ಒಂದು ಮನರಂಜನಾ ಪಾರ್ಕಿನಲ್ಲಿ ಬೇಸಿಗೆ ರಜೆಯ ಮಟ್ಟಿಗೆ ಕೆಲಸ ಕೊಡಿಸಿದರು. ಅಲ್ಲಿಗೆ ಬಂದವರ ಫೋಟೋ ತೆಗೆದು, ಅವರು ಹೊರಡುವ ವೇಳೆಗೆ ಅಚ್ಚು ಹಾಕಿ, ಚೌಕಟ್ಟಿಗೆ ಕೂರಿಸಿ ಮಾರುವ ವಿಭಾಗ ಅದು. ವಯಸ್ಸಾದವರೊಬ್ಬರು ಕೌಂಟರಿನಲ್ಲಿದ್ದರೆ ಗಿರಾಕಿಗಳು ಕೂಗಾಡುವುದಿಲ್ಲವೆಂಬುದು ಗುತ್ತಿಗೆದಾರನ ನಂಬಿಕೆ. ಅದೂ ಸುಳ್ಳೆಂದು ಮೊದಲ ವಾರದಲ್ಲಿಯೇ ತಿಳಿಯಿತು. ಅವರು ನನ್ನ ಮೇಲೂ ಧಾರಾಳವಾಗಿ ಕೂಗಾಡಿದರು.

ಕೆಲಸ ಎರಡು ಬಗೆಯದು. ಬಾಗಿಲಿನಲ್ಲಿ ಒಳಬರುವ ಕುಟುಂಬಗಳನ್ನು ತಡೆದು, “ಫ್ರೀ ಮೇಡಂ, ತಗೊಳ್ಳೇಬೇಕು ಅಂತೇನಿಲ್ಲ,” ಎಂದು ಹೇಳಿ, ಹಸಿರು ಬಟ್ಟೆಯೊಂದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದು ಒಂದು. ಒಳಗೆ ಕಂಪ್ಯೂಟರಿನಲ್ಲಿ ಆ ಹಸಿರನ್ನು ತೆಗೆದುಹಾಕಿ ಬೇಕಾದ ಹಿನ್ನೆಲೆಯನ್ನು ಸೇರಿಸುತ್ತಿದ್ದರು. ಸಂಜೆ ಹೊರಡುವಾಗ ನೋಡಿದರೆ, ಯಲಹಂಕದ ಬಿಸಿಲಿಗೆ ಮುಖ ಕೆಂಪಾಗಿ ಬೆವರಿಳಿಯುತ್ತಿದ್ದ ಕುಟುಂಬ ಹಿಮ ಮುಚ್ಚಿದ ಬೆಟ್ಟಗಳ ಮುಂದೆ ನಿಂತು ನಗುತ್ತಿರುತ್ತಿತ್ತು. ಜನ ಅದನ್ನು ಸಂತೋಷದಿಂದ ಕೊಳ್ಳುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಎರಡನೆಯದು, ನೀರಿನ ದೋಣಿಯ ಕೌಂಟರು. ಆ ದೋಣಿ ಸರಪಳಿಯ ಮೇಲೆ ಕಟಕಟನೆ ಎತ್ತರಕ್ಕೆ ಏರಿ, ಅಲ್ಲೊಂದು ಕ್ಷಣ ನಿಂತಂತೆ ಮಾಡಿ, ಸೀದಾ ಕೆಳಗಿನ ಕೊಳಕ್ಕೆ ಬೀಳುತ್ತಿತ್ತು. ಬೀಳುವ ಜಾಗದಲ್ಲಿ ಕಬ್ಬಿಣದ ಕಂಬದ ಮೇಲೆ ಪೆಟ್ಟಿಗೆಯೊಳಗೆ ಕ್ಯಾಮೆರಾ. ಅದನ್ನು ಒತ್ತುವವರು ಯಾರೂ ಇಲ್ಲ. ದೋಣಿ ಹಳಿಯ ಒಂದು ಗುರುತನ್ನು ದಾಟಿದರೆ ತಾನಾಗಿ ಚಿತ್ರ ಹಿಡಿಯುತ್ತದೆ. ನಗಿ ಎಂದು ಯಾರೂ ಹೇಳುವುದಿಲ್ಲ, ತಲೆ ಬಾಚಿಕೊಳ್ಳಲು ಬಿಡುವಿಲ್ಲ. ಇಂಥ ಚಿತ್ರದಲ್ಲಾದರೂ ನಿಜ ಸಿಕ್ಕಬೇಕೆಂದು ನಾನು ಮೊದಲು ಎಣಿಸಿದ್ದೆ.

ದೋಣಿಯಲ್ಲಿ ಸಾಲಿಗೆ ಇಬ್ಬರಂತೆ ಸೀಟು. ಹತ್ತಿಸುವವನು ಮುನಿರಾಜು, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯವನು. ಒಂದು ಕಡೆ ಭಾರ ಕಡಿಮೆಯಾದರೆ ದೋಣಿ ವಾಲಿಕೊಂಡು ಬೀಳುತ್ತದೆಂದು ಅವನಿಗೆ ಕಟ್ಟಪ್ಪಣೆಯಾಗಿತ್ತು. ಆದ್ದರಿಂದ ಒಬ್ಬರೇ ಕುಳಿತ ಸಾಲು ಕಂಡರೆ ಸರದಿಯತ್ತ ತಿರುಗಿ ಗಂಟಲು ಹರಿಯುವಂತೆ ಕೂಗುತ್ತಿದ್ದ: “ಒಬ್ರು ಯಾರಿದೀರಾ? ಒಂಟಿಯಾಗ್ ಬಂದೋರು! ಸೀಟ್ ಕಾಲಿ ಓಗ್ಬಾರ್ದು, ಬನ್ನಿ ಬನ್ನಿ!” ಹಿಂದಿನಿಂದ ಯಾರಾದರೊಬ್ಬರು ಕೈಯೆತ್ತಿದರೆ ಎಳೆದು ತಂದು ಪಕ್ಕಕ್ಕೆ ತುಂಬುತ್ತಿದ್ದ. ಮೇಲಿನಿಂದ ಬೀಳುವಾಗ ಮನುಷ್ಯನ ಕೈ ಪಕ್ಕದಲ್ಲಿರುವವರು ಯಾರೆಂದು ವಿಚಾರಿಸುವುದಿಲ್ಲ. ಹೀಗಾಗಿ ನಮ್ಮ ಟಿವಿ ಪರದೆಯ ಮೇಲೆ ದಿನವೂ ಎಂಥೆಂಥ ಸಂಬಂಧಗಳು ಮೂಡುತ್ತಿದ್ದವು! ಗಿರಿಜಾ ಮೀಸೆಯ ಗಂಭೀರ ಮನುಷ್ಯ ಕಾಲೇಜು ಹುಡುಗನ ಹೆಗಲಿಗೆ ಮುಖ ಹುದುಗಿಸಿರುತ್ತಿದ್ದ. ಕೈಗೆ ಜಪಸರ ಸುತ್ತಿಕೊಂಡ ಅಜ್ಜಿ ಯಾವನೋ ಹುಡುಗನ ಕಿವಿ ಹಿಡಿದಿರುತ್ತಿದ್ದಳು. ಇಳಿದ ಮೇಲೆ ಇಬ್ಬರೂ ಮುಖ ನೋಡಿಕೊಳ್ಳದೆ ಬೇರೆ ಬೇರೆ ದಾರಿ ಹಿಡಿಯುತ್ತಿದ್ದರು.

ಕೌಂಟರಿನಲ್ಲಿ ನನ್ನ ಜೊತೆಗಿದ್ದವನು ಆರ್.ಟಿ. ನಗರದ ಚೇತನ್. ಒಳ್ಳೆಯ ಹುಡುಗ, ಆದರೆ ಬಾಯಿ ಯೋಚನೆಗಿಂತ ಮುಂದೆ ಓಡುತ್ತಿತ್ತು. ಪರದೆಯ ಮೇಲೆ ಪಕ್ಕಪಕ್ಕದಲ್ಲಿ ಕುಳಿತ ಗಂಡುಹೆಣ್ಣು ಕಂಡರೆ ಸಾಕು, “ಸೂಪರ್ ಜೋಡಿ! ಇಂಥ ಫೋಟೋ ಸ್ಟುಡಿಯೋದಲ್ಲೂ ಬರಲ್ಲ ಮೇಡಂ, ಫ್ರೇಮ್ ಹಾಕ್ಸ್ಕೊಳ್ಳಿ,” ಎನ್ನುತ್ತಿದ್ದ. ಅಣ್ಣತಂಗಿಯರಿಗೂ ಹಾಗೆಯೇ ಹೇಳಿ ಬೈಸಿಕೊಂಡಿದ್ದ.

“ಅವರು ಜೋಡಿ ಅಂತ ನಿನಗೆ ಹೇಳಿದವರು ಯಾರಯ್ಯಾ?” ಎಂದು ನಾನು ಕೇಳುತ್ತಿದ್ದೆ.

“ಅಂಕಲ್, ಪಕ್ಕಪಕ್ಕ ಕೂತಿದ್ರೆ ಜೋಡಿನೇ. ನಿಮ್ಮಂಗೆ ವಿಚಾರಣೆ ಮಾಡ್ತಾ ಕೂತ್ರೆ ಅವ್ರು ಪಾರ್ಕಿಂಗ್‌ನಲ್ಲಿ ಗಾಡಿ ತೆಗೀತಿರ್ತಾರೆ.”

ಏಪ್ರಿಲ್ ಹೀಗೆ ಬೆಂದು ಹೋಯಿತು. ತಗಡಿನ ಸೂರಿನ ಕೆಳಗೆ ಅಚ್ಚಿನ ಯಂತ್ರದ ಬಿಸಿ ಬೇರೆ. ಕೊಳದ ಕ್ಲೋರಿನ್ ವಾಸನೆ ಅಂಗಿಗೆ ಹತ್ತಿ ಒಗೆದರೂ ಹೋಗುತ್ತಿರಲಿಲ್ಲ. ಪುಟ್ಟೇನಹಳ್ಳಿಯಲ್ಲಿ ನಮ್ಮ ಮನೆಗೆ ಹತ್ತಿರದ ಕೆರೆಯ ನೀರು ನಡುವಿಗೆ ಸರಿದು ಅಂಚಿನ ಕೆಸರು ಬಿರಿದಿತ್ತು. ಆ ದಿನಗಳಲ್ಲಿಯೇ ತಣಿಸಂದ್ರದಲ್ಲಿರುವ ನನ್ನ ತಮ್ಮ ನಾರಾಯಣಪ್ಪ ಫೋನು ಮಾಡಿ, ಮಗಳು ಹೇಮಾಳಿಗೆ ಸಂಬಂಧ ಗೊತ್ತಾಯಿತೆಂದು ಹೇಳಿದ. ಹೇಮಾ ಆರ್.ಟಿ. ನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಕೆಲಸ ಮಾಡುತ್ತಿದ್ದಳು. ಅದನ್ನೇ ಮುಂದಕ್ಕೆ ಓದಬೇಕೆಂದಿದ್ದಳು. ಗಂಡು ಪ್ರದೀಪ, ಗೊರಗುಂಟೆಪಾಳ್ಯದಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ.

“ಹುಡುಗಿ ಏನಂತಾಳೆ?” ಎಂದೆ.

“ಅವ್ಳೇನಂತಾಳೆ, ಒಪ್ಪಿದಾಳೆ ಕಣಣ್ಣ.”

ಹುಲಿಯ ವಿಷಯದಲ್ಲಿ ನೋಡಿದವರು ಯಾರೆಂದು ಕೇಳಿದ ನಾನು ಇದನ್ನು ಕೇಳಿ ಸುಮ್ಮನಾದೆ. ಮನೆಯವರು ಮನೆಯ ಸುದ್ದಿ ಹೇಳುವಾಗ ಅನುಮಾನ ಬರುವುದಿಲ್ಲ.

ಮೇ ನಡುವಿನಲ್ಲಿ ಗಂಡಿನ ತಾಯಿ ಜಯಮ್ಮನವರು, ನಿಶ್ಚಿತಾರ್ಥಕ್ಕೆ ಮೊದಲು ಎರಡೂ ಮನೆಯವರು ಒಂದು ದಿನ ಎಲ್ಲಾದರೂ ಹೋಗಿಬರೋಣವೆಂದರು. ನಾರಾಯಣಪ್ಪನಿಗೆ ನನ್ನ ಪಾರ್ಕು ನೆನಪಾಯಿತು. ಹೀಗೆ ಅವರೆಲ್ಲರೂ ಒಂದು ಬೆಳಿಗ್ಗೆ ಬಂದಿಳಿದರು. ಜಯಮ್ಮನವರು ಕಡಿಮೆ ಮಾತಿನ ಹೆಂಗಸು, ನೋಡುವುದೆಲ್ಲವನ್ನೂ ಪೂರ್ತಿಯಾಗಿ ನೋಡುವವರು. ಪ್ರದೀಪ ಸಾಧು ಹುಡುಗ, ನನ್ನ ಕಾಲಿಗೆ ನಮಸ್ಕರಿಸಿ, “ಬಿಸ್ಲಲ್ಲಿ ನಿಂತು ಸಾಕಾಗುತ್ತೇನೋ ಸರ್?” ಎಂದು ವಿಚಾರಿಸಿದ. ಹೇಮಾ ನನ್ನನ್ನು ನೋಡಿ ನಕ್ಕಳು, ಆದರೆ ಆ ನಗು ಕಣ್ಣಿನವರೆಗೆ ಹೋಗಲಿಲ್ಲ. ಅದನ್ನು ಬಿಸಿಲಿನ ಲೆಕ್ಕಕ್ಕೆ ಬರೆದುಕೊಂಡೆ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಮುನಿರಾಜು ಹೇಳಿದ್ದೂ ಹೇಮಾ ಹೇಳಿದ್ದೂ ಒಂದಕ್ಕೊಂದು ಹೊಂದಿದ್ದರಿಂದ ನಂಬಿದ್ದೇನೆ. ಹೇಮಾ, ಪ್ರದೀಪ ಇಬ್ಬರೂ ದೋಣಿಯ ಸರದಿಯಲ್ಲಿ ನಿಂತಿದ್ದರು. ಹತ್ತುವ ಹೊತ್ತಿಗೆ ಪ್ರದೀಪ ಮೇಲೆ ನೋಡಿ ಬಿಳಿಚಿಕೊಂಡು, “ನಂಗೆ ತಲೆ ಸುತ್ತು ಬರುತ್ತೆ, ನೀವ್ ಹೋಗ್ಬನ್ನಿ,” ಎಂದು ಕಂಬಿಯ ಕೆಳಗೆ ತೂರಿ ಹೊರಗೆ ಹೋದ. ಹೇಮಾ ಮಾತ್ರ ಹತ್ತಿ ಕುಳಿತಳು. ಮುನಿರಾಜು ಎಂದಿನಂತೆ ಕೂಗಿದ. ಚೌಕಳಿ ಅಂಗಿಯ ಯುವಕನೊಬ್ಬ ಕೈಯೆತ್ತಿದ. ಮುನಿರಾಜು ಅವನನ್ನು ಹೇಮಾಳ ಪಕ್ಕಕ್ಕೆ ತುಂಬಿ ಕಂಬಿ ಹಾಕಿದ.

ಮುಂದಿನದನ್ನು ನಾನೇ ಕಂಡೆ. ದೋಣಿ ಬಿದ್ದಿತು, ನಮ್ಮ ಪರದೆ ಮಿಣುಕಿ ಚಿತ್ರ ತುಂಬಿಕೊಂಡಿತು. ಹೇಮಾ ಆ ಅಪರಿಚಿತನ ತೋಳನ್ನು ಎರಡೂ ಕೈಗಳಿಂದ ತಬ್ಬಿಹಿಡಿದಿದ್ದಳು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ ಚೀರುತ್ತಿದ್ದ. ಆದರೆ ಅವಳು ನಗುತ್ತಿದ್ದಳು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಕೂದಲು ಕೆದರಿ, ಮನೆಯಲ್ಲಿ ಯಾರೂ ಕಾಣದಂಥ ನಗು. ಅವಳು ಚಿಕ್ಕವಳಿದ್ದಾಗ ನನ್ನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಇಳಿಜಾರಿನಲ್ಲಿ ಹಾಗೆ ನಗುತ್ತಿದ್ದದ್ದು ನನಗೆ ನೆನಪಿದೆ.

ನಾನು ಅದನ್ನೇ ನೋಡುತ್ತಿರುವಾಗ ಜಯಮ್ಮನವರು ಕೌಂಟರಿನ ಮುಂದೆ ಬಂದು ನಿಂತಿದ್ದರು. ಅವರೂ ಪರದೆಯನ್ನು ನೋಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಚೇತನ್ ಶುರುಮಾಡಿದ.

“ಅಮ್ಮಾ, ಇವ್ರು ನಿಮ್ಮವ್ರಾ? ಸೂಪರ್ ಜೋಡಿ! ನೋಡಿ, ಎಷ್ಟ್ ಖುಷಿಯಾಗಿದಾರೆ. ಮನೇಲಿ ದೃಷ್ಟಿ ತೆಗೀರಿ. ಒಂದ್ ಫ್ರೇಮ್ ಹಾಕ್ಲಾ?”

ಜಯಮ್ಮನವರು ಪರದೆಯಿಂದ ಕಣ್ಣು ಕೀಳದೆ, “ನಮ್ಮೋರೇ ಕಣಪ್ಪ. ಹಾಕು,” ಎಂದರು.

“ತಾಯಿ,” ನಾನು ಕೈ ಅಡ್ಡ ಹಿಡಿದೆ, “ಆ ಹುಡುಗ ಯಾರೋ...”

“ಯಾರೋ ಅನ್ನೋದು ನಂಗೂ ಕಾಣ್ತಿದೆ ಕಣ್ರೀ.”

ಯಂತ್ರ ಗುಂಯ್ಗುಟ್ಟಿ ಬಿಸಿ ಕಾಗದವನ್ನು ಹೊರಗೆ ತಳ್ಳಿತು. ಚೇತನ್ ಅದನ್ನು ನಾಲ್ಕು ಮೂಲೆಗೂ ಕೆಂಪು ಹೃದಯಗಳಿದ್ದ ರಟ್ಟಿನ ಚೌಕಟ್ಟಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಡುವವನಂತೆ ಬಗ್ಗಿ ಕೊಟ್ಟ. ಜಯಮ್ಮನವರು ಅದನ್ನು ಚೀಲದಲ್ಲಿಟ್ಟು ಜಿಪ್ ಎಳೆದುಕೊಂಡರು. ಅವರು ಕೂಗಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಎರಡು ದಿನ ಕಳೆದ ಮೇಲೆ ನಾರಾಯಣಪ್ಪನ ಫೋನು ಬಂತು; ದನಿ ಒಡೆದಿತ್ತು. “ಅಣ್ಣ, ಮಾನ ಹೋಯ್ತು. ಭಾನುವಾರ ಅವ್ರು ಮನೇಗ್ ಬರ್ತಾರಂತೆ, ಫೋಟೋ ಮುಂದಿಟ್ಟು ಮಾತಾಡ್ಬೇಕಂತೆ. ನೀನ್ ಬಂದ್ ಹೇಳ್ಬೇಕು ಕಣಣ್ಣ. ಪ್ರಶ್ನೆ ಹಾಕ್ದೆ ನೀನು ಏನನ್ನೂ ನಂಬೋನಲ್ಲ ಅಂತ ಊರಿಗೇ ಗೊತ್ತು. ನೀನ್ ಹೇಳಿದ್ರೆ ನಂಬ್ತಾರೆ.”

ಬದುಕಿನಲ್ಲಿ ಮೊದಲ ಸಲ ನನ್ನ ಕೆಟ್ಟ ಅಭ್ಯಾಸಕ್ಕೆ ಬೆಲೆ ಬಂದಿತ್ತು. ನಾನು ಉತ್ಸಾಹದಿಂದಲೇ ಹೊರಟೆನೆಂದು ಹೇಳಬೇಕು. ಮಾರನೆಯ ದಿನ ಊಟದ ಬಿಡುವಿನಲ್ಲಿ ಮುನಿರಾಜುವನ್ನು ಹಿಡಿದೆ.

“ಆ ಚೌಕಳಿ ಅಂಗಿಯವನನ್ನು ಕೂರಿಸಿದ್ದು ನೀನೇ ತಾನೇ?”

“ಊ ಯಜಮಾನ್ರೇ, ನಾನೇ. ಆಯಮ್ಮ ಒಬ್ರೇ ಕುಂತಿದ್ರು. ಇಂದ್ಗಡೆ ಸಾಲ್ನಾಗೆ ಅವ್ನು ಕೈ ಎತ್ತಿದ. ಬಾರಪ್ಪ ಅಂತ ಎಳ್ದು ಇಂಗೆ ತುಂಬ್ದೆ.”

“ಅವರಿಬ್ಬರೂ ಮಾತಾಡಿಕೊಂಡರೇ?”

“ಎಲ್ ಮಾತು! ಆ ಉಡ್ಗ ಕೂತಾಗ್ಲಿಂದ ದ್ಯಾವ್ರ ಎಸ್ರು ಯೋಳ್ತಿದ್ದ.”

“ಭಾನುವಾರ ನನ್ನ ಜೊತೆ ಬಂದು ಇದನ್ನೇ ಹೇಳುತ್ತೀಯಾ?”

“ಅದ್ಕೇನ್, ಬತ್ತೀನಿ. ಊಟ ಆಕ್ತಾರಾ?”

ಸಾಕ್ಷಿ ದೊರೆತಿತ್ತು. ಭಾನುವಾರ ಆಡಬೇಕಾದ ಮಾತುಗಳನ್ನು ಬಸ್ಸಿನಲ್ಲಿ ಒಂದರ ಹಿಂದೊಂದು ಜೋಡಿಸಿಕೊಂಡೆ. ಹಿಮಾಲಯದ ಮುಂದೆ ನಿಂತ ಯಲಹಂಕದ ಕುಟುಂಬದ ಒಂದು ಫೋಟೋವನ್ನೂ ಉದಾಹರಣೆಗೆಂದು ಚೀಲದಲ್ಲಿಟ್ಟುಕೊಂಡಿದ್ದೆ.

ಶನಿವಾರ ಬಿಸಿಲು ಇಳಿಯುವ ಹೊತ್ತಿಗೆ ಹೇಮಾ ಒಬ್ಬಳೇ ಬಸ್ಸಿಳಿದು ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, “ದೊಡ್ಡಪ್ಪ, ಕೆರೆ ಕಡೆ ಹೋಗ್ಬರೋಣ್ವಾ?” ಎಂದಳು. ಏರಿಯ ಮೇಲೆ ನಡೆದೆವು. ನಡುವಿನ ನೀರಿನಲ್ಲಿ ಕೊಕ್ಕರೆಗಳು ನಿಂತಿದ್ದವು.

“ನಾಳೆ ಬರ್ತೀರಾ?”

“ಬರದೇ ಇರ್ತೀನಾ? ಸಾಕ್ಷಿ ಸಮೇತ ಬರ್ತೀನಿ. ನೀನೇನೂ ಹೆದರಬೇಡ.”

“ಬರ್ಬೇಡಿ ದೊಡ್ಡಪ್ಪ.”

ನಾನು ನಿಂತೆ. “ಆ ಹುಡುಗ ನಿನಗೆ ಮೊದಲೇ ಪರಿಚಯವೇ?”

ಅವಳಿಗೆ ನಗು ಬಂತು. “ಅಯ್ಯೋ, ಹೆಸ್ರೂ ಗೊತ್ತಿಲ್ಲ. ಇಳಿದ್ಮೇಲೆ ‘ಸಾರಿ ಸಿಸ್ಟರ್’ ಅಂದ, ಚಪ್ಲಿ ಹುಡುಕ್ತಾ ಹೋದ.”

“ಹಾಗಿದ್ದ ಮೇಲೆ ಸುಳ್ಳನ್ನು ಸುಳ್ಳು ಅಂತ ಹೇಳೋದಕ್ಕೆ ಏನಡ್ಡಿ?”

ಅವಳು ದಾರಿಯ ಕಲ್ಲೊಂದನ್ನು ಕಾಲಿನಿಂದ ಕೆರೆಯ ಕಡೆಗೆ ತಳ್ಳಿದಳು. ಆಮೇಲೆ, “ನಂಗೆ ಈ ಮದ್ವೆ ಬೇಡ ಅಂತ ಅಪ್ಪಂಗೆ ಹೇಳ್ದೆ. ಅಮ್ಮಂಗೆ ಹೇಳ್ದೆ. ಸೋದರತ್ತೆ ಹತ್ರ ಹೇಳಿಸ್ದೆ. ‘ಹುಡ್ಗೀರು ಮೊದ್ಲು ಹಂಗೇ ಅಂತಾರೆ’ ಅಂದ್ರು. ನಾನು ಬಾಯ್ಬಿಟ್ಟು ಹೇಳಿದ್ದು ಒಬ್ರಿಗೂ ಕೇಳಿಸ್ಲಿಲ್ಲ. ಆ ಫೋಟೋ ಬಾಯೇ ಬಿಡ್ದೆ ಎಲ್ರಿಗೂ ಕೇಳಿಸ್ತು ನೋಡಿ,” ಎಂದಳು.

“ಪ್ರದೀಪನಲ್ಲಿ ಏನು ಕೊರತೆ?”

“ಏನೂ ಇಲ್ಲ. ಒಳ್ಳೇವ್ರೇ. ನಂಗೆ ಬೇಡ, ಅಷ್ಟೇ. ಬೇಡ ಅನ್ನೋಕೆ ಎದುರಿಗಿರೋರು ಕೆಟ್ಟೋರೇ ಆಗಿರ್ಬೇಕಾ ದೊಡ್ಡಪ್ಪ?”

“ಹೆಸರು ಕೆಡುತ್ತಲ್ಲೇ ಮಗಳೇ,” ಎಂದೆ.

“ಕೆಡ್ಲಿ. ಹೆಸ್ರಾದ್ರೆ ನಿಧಾನಕ್ಕೆ ಸರಿ ಮಾಡ್ಕೋತೀನಿ. ಮದ್ವೆ ಆಗ್ಹೋದ್ರೆ ಏನ್ ಮಾಡ್ಲಿ?”

ನಾನು ಅಪ್ಪನಿಗೆ ಹೇಳುತ್ತೇನೆಂದೆ. ಗಟ್ಟಿಯಾಗಿ ಹೇಳುತ್ತೇನೆಂದೆ. ಅವಳು ನನ್ನ ಮುಖ ನೋಡಿ, “ನೀವ್ ಹೇಳಿದ್ರೆ, ಹುಡ್ಗಿ ದೊಡ್ಡಪ್ಪನ್ ತಲೆ ಕೆಡ್ಸಿದಾಳೆ ಅಂತಾರೆ. ಫೋಟೋದ್ದು ಸುಳ್ಳು ಅಂತ ಆಗ್ತಿದ್ದಂಗೆ ಮುಂದಿನ್ ವಾರನೇ ನಿಶ್ಚಿತಾರ್ಥ ಮಾಡಿ ಮುಗಿಸ್ತಾರೆ,” ಎಂದಳು. ತಮ್ಮನ ಸ್ವಭಾವವನ್ನು ಬಲ್ಲ ನಾನು ಅದನ್ನು ಅಲ್ಲಗಳೆಯಲಾರದೆ ಹೋದೆ. ಬಸ್ಸು ಬಂತು, ಹತ್ತಿ ಹೋದಳು. ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ನಾನು ಹೇಳಿರಲಿಲ್ಲ.

ಭಾನುವಾರ ಮುನಿರಾಜುವಿಗೆ ಬರುವುದು ಬೇಡವೆಂದು ಫೋನು ಮಾಡಿ, ನಾನೊಬ್ಬನೇ ಹೊರಟೆ. ಅಲ್ಲಿಯವರೆಗೂ ಏನು ಹೇಳಬೇಕೆಂದು ನಿರ್ಧರಿಸಿರಲಿಲ್ಲ. ತಣಿಸಂದ್ರದ ರಸ್ತೆಯಲ್ಲಿ ನಾವು ಹುರುಳಿ ಬಿತ್ತುತ್ತಿದ್ದ ಜಾಗಗಳಲ್ಲೆಲ್ಲ ಅಪಾರ್ಟ್‌ಮೆಂಟುಗಳು ನಿಂತಿವೆ; ಬಸ್ಸು ಅವುಗಳ ನಡುವೆ ತೆವಳುತ್ತಿದ್ದಾಗ ಒಮ್ಮೆ ಇಳಿದು ಹಿಂದಿರುಗಿಬಿಡೋಣವೆನ್ನಿಸಿತು. ಸುಳ್ಳನ್ನು ಸುಳ್ಳೆನ್ನದೆ ಬಿಡುವುದು ನನಗೆ ಹಲ್ಲುನೋವಿನಂಥದು. ಇಳಿಯಲಿಲ್ಲ.

ನಡುಮನೆಯಲ್ಲಿ ಗಂಡಿನ ಕಡೆಯವರು ಕುಳಿತಿದ್ದರು. ಪ್ರದೀಪ ಬಂದಿರಲಿಲ್ಲ. ಟೀಪಾಯಿಯ ಮೇಲೆ, ಚಕ್ಕುಲಿ ತಟ್ಟೆಯ ಪಕ್ಕದಲ್ಲಿ, ಹೃದಯಗಳ ಚೌಕಟ್ಟು. ಅದರೊಳಗೆ ಹೇಮಾ ಇನ್ನೂ ಹಾಗೆಯೇ ನಗುತ್ತಿದ್ದಳು.

“ನಾವೇನೂ ಬಣ್ಣ ಕಟ್ಟಿ ಹೇಳ್ತಿಲ್ಲ,” ಜಯಮ್ಮನವರೆಂದರು. “ಜನ ಸುಳ್ಳು ಹೇಳ್ಬೋದು, ಫೋಟೋ ಸುಳ್ಳು ಹೇಳಲ್ಲ.”

ನನ್ನ ಚೀಲದಲ್ಲಿ ಹಿಮಾಲಯವಿತ್ತು. ಕೈ ತಾನಾಗಿಯೇ ಚೀಲದ ಬಾಯಿಗೆ ಹೋಯಿತು.

ನಾರಾಯಣಪ್ಪ ಎದ್ದು ನಿಂತು, “ನಮ್ಮಣ್ಣ ಅಲ್ಲೇ ಕೆಲ್ಸ ಮಾಡೋದು. ಅವ್ನನ್ನೇ ಕೇಳಿ. ಹೇಳಣ್ಣ, ಆ ಹುಡುಗನ್ನ ಅಲ್ಲಿನೋರೇ ಕೂರ್ಸಿದ್ದು ಅಲ್ವಾ?” ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಅಡುಗೆಮನೆಯ ಬಾಗಿಲಿನಲ್ಲಿ ಹೇಮಾ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಅವಳು ನನ್ನನ್ನು ಬೇಡಿಕೊಳ್ಳುವಂತೆ ನೋಡಲಿಲ್ಲ. ಅಂಗಡಿಯಲ್ಲಿ ಗಿರಾಕಿ ಯಾವ ಅಕ್ಷರ ಓದುತ್ತಾನೋ ಎಂದು ಕಾಯುವವಳಂತೆ ಸುಮ್ಮನೆ ಕಾಯುತ್ತಿದ್ದಳು.

“ಆ ದೋಣೀಲಿ ನಾನಿರ್ಲಿಲ್ಲ,” ಎಂದೆ. “ಅವರನ್ನ ಹತ್ತಿಸಿದ್ದನ್ನೂ ನಾನು ನೋಡಿಲ್ಲ. ನಾನು ನೋಡದೇ ಇದ್ದದ್ದಕ್ಕೆ ಸಾಕ್ಷಿ ಹೇಳೋದಿಲ್ಲ.”

“ಅಣ್ಣಾ!” ಎಂದ ನಾರಾಯಣಪ್ಪ. ಆ ದನಿಯನ್ನು ನಾನು ಮರೆತಿಲ್ಲ.

“ಹುಡುಗಿ ಇಲ್ಲೇ ಇದಾಳಲ್ಲ. ಅವಳನ್ನೇ ಕೇಳಿ. ಈ ಮದುವೆ ಬೇಕೋ ಬೇಡ್ವೋ ಅಂತ ಕೇಳಿ.”

ಕೇಳಿದವರು ಜಯಮ್ಮನವರು. “ಹೇಳಮ್ಮ. ನಿಂಗೆ ಇಷ್ಟಾನಾ, ಇಲ್ವಾ?”

“ಇಲ್ಲ,” ಎಂದಳು ಹೇಮಾ.

ಆ ಮನೆಯಲ್ಲಿ ಅವಳ ಮಾತು ಎಲ್ಲರ ಕಿವಿಗೂ ಬಿದ್ದದ್ದು ಅದೇ ಮೊದಲು. ಬಿದ್ದರೂ, ಅವರೆಲ್ಲರೂ ಅದಕ್ಕೆ ತಕ್ಷಣ ಆ ಫೋಟೋದ ಅರ್ಥವನ್ನೇ ಹಚ್ಚಿಕೊಂಡರು. ಅವಳು ‘ಇಲ್ಲ’ ಎಂದದ್ದು ಅವರಿಗೆ ಇನ್ನೊಬ್ಬನಿಗೆ ‘ಹೂಂ’ ಎಂದಂತೆ ಕೇಳಿಸಿತು. ಅವಳ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಜಯಮ್ಮನವರು ಎದ್ದು, ಚೌಕಟ್ಟನ್ನು ಅಲ್ಲಿಯೇ ಬಿಟ್ಟು, “ಮೊದ್ಲೇ ಹೇಳಿದ್ರೆ ಇಷ್ಟು ದೂರ ಬರೋದು ತಪ್ತಿತ್ತಲ್ಲಮ್ಮ,” ಎಂದು ಬೈಗುಳವಿಲ್ಲದ ದನಿಯಲ್ಲಿ ಹೇಳಿ ಹೊರಟರು. ಅವಳು ಮೊದಲೇ ಹೇಳಿದ್ದಳೆಂಬುದು ಅವರಿಗೆ ತಿಳಿಯುವ ದಾರಿಯಿರಲಿಲ್ಲ.

ನಾರಾಯಣಪ್ಪ ನನ್ನನ್ನು ಬಾಗಿಲವರೆಗೂ ಕಳಿಸಲು ಬರಲಿಲ್ಲ.

ಆ ವಾರದ ಕೊನೆಗೆ ಮೊದಲ ದೊಡ್ಡ ಮಳೆ ಬಂತು. ಗಾಳಿ ಹಸಿರು ಬಟ್ಟೆಯನ್ನು ಕಂಬದಿಂದ ಕಿತ್ತು ಬೇಲಿಗೆ ಸುತ್ತಿತು. ಗುಡುಗಿಗೆ ದೋಣಿಯನ್ನು ನಿಲ್ಲಿಸಿದರು. ಜನ ಸೂರಿನಡಿ ಒತ್ತೊತ್ತಾಗಿ ನಿಂತರು. ಆ ಗುಂಪಿನಿಂದ ಒಬ್ಬ ನೆನೆದ ಮನುಷ್ಯ ನನ್ನ ಕೌಂಟರಿಗೆ ಬಂದ. ಪ್ರದೀಪ.

“ಗೊರಗುಂಟೆಪಾಳ್ಯದಿಂದ ಸೀದಾ ಬಂದೆ ಸರ್,” ಎಂದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಆ ಹುಡುಗ ಯಾರೆಂದು ಅವನು ಕೇಳುತ್ತಾನೆಂದು ಕಾದೆ. ಅವನು ಅದನ್ನು ಕೇಳಲಿಲ್ಲ.

“ಅವತ್ತು ನಾನು ಹೆದರ್ದೆ ಹತ್ತಿದ್ರೆ, ಆ ಸೀಟಲ್ಲಿ ನಾನೇ ಇರ್ತಿದ್ದೆ. ಅಲ್ವಾ ಸರ್?”

“ಹೌದಪ್ಪ.”

“ನಾನು ಇಳ್ದು ಹೋಗಿದ್ದಕ್ಕೇ ಇದೆಲ್ಲ ಆಯ್ತು.”

“ಅದಕ್ಕಲ್ಲ,” ಎಂದೆ. “ಭಯ ಪಡೋದು ತಪ್ಪಲ್ಲಪ್ಪ.”

“ಮತ್ತೆ ಯಾಕೆ?”

ಮಳೆಯ ಸದ್ದಿನಲ್ಲಿ ನಾನು ಉತ್ತರ ಕೊಡದಿರುವುದು ಸಹಜವಾಗಿ ಕಂಡಿರಬೇಕು. ಆ ಹುಡುಗ ಯಾರೂ ಅಲ್ಲ, ಅವಳಿಗೆ ಮೊದಲಿನಿಂದಲೇ ಈ ಮದುವೆ ಬೇಡವಾಗಿತ್ತೆಂದು ಹೇಳಿದ್ದರೆ ಅದು ಅವನ ಮನೆಗೆ ಹೋಗುತ್ತಿತ್ತು, ಅಲ್ಲಿಂದ ತಣಿಸಂದ್ರಕ್ಕೆ. ಅವನು ತಲೆಯಾಡಿಸಿ ಮಳೆಯಲ್ಲಿಯೇ ಹೊರಟುಹೋದ. ತನ್ನ ತಲೆಸುತ್ತಿನಿಂದಾಗಿ ಒಂದು ಮದುವೆ ಕೆಟ್ಟಿತೆಂದು ಅವನು ಇಂದಿಗೂ ನಂಬಿರಬಹುದು. ಅವನಿಗೆ ಬೇರೆ ಮದುವೆಯಾಗಿದೆ, ಚೆನ್ನಾಗಿದ್ದಾನೆಂದು ಕೇಳಿದ್ದೇನೆ. ನೋಡಿಲ್ಲವಾದ್ದರಿಂದ ಚೆನ್ನಾಗಿದ್ದಾನೆಂದು ನಾನು ಬರೆಯಲಾರೆ. ಹೇಮಾಳ ವಿಷಯದಲ್ಲಿ ನನ್ನ ಮನಸ್ಸು ಸ್ಪಷ್ಟವಾಗಿದೆ. ಇವನ ವಿಷಯಕ್ಕೆ ಬಂದರೆ ಇಂದಿಗೂ ಕುರ್ಚಿಯಿಂದ ಎದ್ದು ಓಡಾಡುತ್ತೇನೆ. ಮಳೆ ಹಿಡಿದ ಮೇಲೆ ಜನ ಕಡಿಮೆಯಾದರು, ಶಾಲೆಗಳು ತೆರೆದವು, ನನ್ನ ಕೆಲಸವೂ ಮುಗಿಯಿತು.

ಹೇಮಾ ಅದೇ ಅಂಗಡಿಯಲ್ಲಿದ್ದುಕೊಂಡೇ ತನ್ನ ಕೋರ್ಸು ಮುಗಿಸಿದಳು. ಎರಡು ವರ್ಷ ಯಾವ ಸಂಬಂಧವೂ ಅವರ ಬಾಗಿಲಿಗೆ ಬರಲಿಲ್ಲ. ಅವಳ ತಾಯಿ ನೆಂಟರ ಮನೆಗಳಿಗೆ ಹೋಗುವುದನ್ನು ಬಿಟ್ಟಳು. ಅದರ ಭಾರವನ್ನು ಹೇಮಾ ಹೊತ್ತಳು, ಹಗುರವೆಂದು ಎಂದೂ ಹೇಳಲಿಲ್ಲ. ನಾರಾಯಣಪ್ಪ ನನ್ನೊಡನೆ ಮತ್ತೆ ಮಾತಾಡಲು ಬಹಳ ಕಾಲ ಹಿಡಿಯಿತು. ಆದರೆ ಈಗ ಯಾರಾದರೂ ಗಂಡಿನ ಪ್ರಸ್ತಾಪ ತಂದರೆ ಅವನು ಮೊದಲು ಮಗಳ ಮುಖ ನೋಡುತ್ತಾನೆ. “ಏನಮ್ಮ, ಕರೀಲಾ, ಬೇಡ್ವಾ?” ಎನ್ನುತ್ತಾನೆ. ಅವಳು ಬೇಡವೆಂದರೆ ಅಲ್ಲಿಗೆ ಮುಗಿಯಿತು. ಫೋಟೋದಲ್ಲಿದ್ದ ಆ ಹುಡುಗನ ಭಯ ಅವನಿಗೆ ಇನ್ನೂ ಇದೆ.

ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. “ಬರೀರಿ ದೊಡ್ಡಪ್ಪ, ಹೆಸ್ರು ಮಾತ್ರ ಬದ್ಲಾಯ್ಸಿ. ನಮ್ಮೋರು ಓದಲ್ಲ. ಓದಿದ್ರೂ ನಂಬಲ್ಲ,” ಎಂದಳು. ಹೆಸರುಗಳನ್ನು ಬದಲಾಯಿಸಿದ್ದೇನೆ.

ಅವಳು ಹೇಳಿದ್ದು ಎಷ್ಟು ಸರಿಯೆಂಬುದು ಹೋದ ವಾರ ತಿಳಿಯಿತು. ತಣಿಸಂದ್ರದಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ನಮ್ಮ ಸಂಬಂಧಿ ಸರೋಜಮ್ಮ ಕುಳಿತಿದ್ದರು. ಬಡಿಸುವವರ ಸಾಲಿನಲ್ಲಿ ಹೇಮಾಳನ್ನು ಕಂಡು ಅವರು ನನ್ನತ್ತ ಬಾಗಿ, “ಪಾಪ, ಆ ಹೆಬ್ಬಾಳದ್ ಹುಡುಗನ್ ಗುಂಗು ಇನ್ನೂ ಬಿಟ್ಟಿಲ್ಲ ಅನ್ಸುತ್ತೆ,” ಎಂದರು.

“ಹೆಬ್ಬಾಳದವನು ಅಂತ ಹೇಳಿದವರು ಯಾರು?” ಎಂದೆ. ನಾಲಿಗೆ ಕೇಳಲಿಲ್ಲ.

“ಇದೇನ್ ಹೊಸ ಸಮಾಚಾರಾನಾ? ಎಲ್ರಿಗೂ ಗೊತ್ತಿರೋದೇ. ಫ್ಲೈಓವರ್ ಪಕ್ಕದಲ್ಲೇ ಮನೆಯಂತೆ. ದಿನಾ ಸಾಯಂಕಾಲ ಕೆಂಪು ಬುಲೆಟ್ ತಗೊಂಡು ಕನ್ನಡಕದ್ ಅಂಗ್ಡಿ ಮುಂದೆ ನಿಲ್ತಿದ್ನಂತೆ. ನೋಡಿದೋರೇ ಹೇಳಿದ್ದು.”

“ನೋಡಿದವರೇ?”

“ಹೂಂ ಮತ್ತೆ!”

ಅಷ್ಟರಲ್ಲಿ ಹೇಮಾ ಒಬ್ಬಟ್ಟಿನ ಬುಟ್ಟಿ ಹಿಡಿದು ನಮ್ಮ ಮುಂದೆ ಬಗ್ಗಿದ್ದಳು. ಸರೋಜಮ್ಮ ಎಲೆಯ ಮೇಲಿನ ಕೋಸಂಬರಿಗೆ ಕೈ ಹಾಕಿದರು. ಹೇಮಾ ಅವರ ಎಲೆಯ ಮೇಲೆ ಒಬ್ಬಟ್ಟನ್ನು ನಾಜೂಕಾಗಿ ಇಟ್ಟು, “ಬುಲೆಟ್ ಅಲ್ಲ ಚಿಕ್ಕಮ್ಮ, ಸ್ಕೂಟರು. ಅದೂ ಅವ್ರಣ್ಣಂದು,” ಎಂದಳು.

ಸರೋಜಮ್ಮನ ಕಣ್ಣುಗಳು ಅರಳಿದವು. ನನ್ನ ಮೊಣಕೈ ತಿವಿದು, “ಕೇಳಿಸ್ಕೊಂಡ್ರಾ? ಅವ್ಳ ಬಾಯಿಂದ್ಲೇ ಬಂತು!” ಎಂದರು.

ನಾನು ಬಾಯಿ ತೆರೆದೆ. ಹೇಮಾ ನನ್ನ ಎಲೆಯ ಕಡೆ ಸರಿದು, ಬೇಕೋ ಬೇಡವೋ ಎಂದು ಕೇಳದೆ, ಒಂದರ ಮೇಲೊಂದು ಎರಡು ಒಬ್ಬಟ್ಟು ಹಾಕಿ ಮೇಲೆ ತುಪ್ಪ ಸುರಿದಳು.

“ಬಿಸಿ ಇದೆ ದೊಡ್ಡಪ್ಪ,” ಎಂದಳು. “ಮಾತಾಡ್ದೆ ತಿನ್ನಿ.”